ಕಾಣದವನ ಮಣೆ

ನಮ್ಮ ಮನೆಯಲ್ಲಿ ಸಂಜೆ ಊಟಕ್ಕೆ ಕೂರುವಾಗ ಇರುವವರಿಗಿಂತ ಒಂದು ಮಣೆ ಹೆಚ್ಚಿಗೆ ಹಾಕುತ್ತಿದ್ದರು. ಆ ಮಣೆಯ ಮುಂದೆ ಒಂದು ಕಂಚಿನ ತಟ್ಟೆಯನ್ನು ಬೋರಲು ಇಡುತ್ತಿದ್ದರು. ಅದರ ಮೇಲೆ ಯಾರೂ ಕೂರುವ ಹಾಗಿಲ್ಲ, ಅದನ್ನು ದಾಟುವ ಹಾಗಿಲ್ಲ, ಅದರ ಕಡೆ ಕಾಲು ಚಾಚುವ ಹಾಗಂತೂ ಇಲ್ಲವೇ ಇಲ್ಲ. ಅದು ಕರ್ತನ ಮಣೆ. ಹುಡುಗಿಯಾಗಿದ್ದಾಗ ನಾನು ಹೆದರದ ವಸ್ತುವೇ ಇರಲಿಲ್ಲ. ಹೆಬ್ಬಾಳ ಕೆರೆ ಏರಿಯ ಮೇಲಿದ್ದ ಹುಣಸೆಮರಕ್ಕೆ ಹೆದರುತ್ತಿದ್ದೆ, ಕೆಂಪಾಪುರದ ದಾರಿಯ ಕುಂಟುನಾಯಿಗೆ ಹೆದರುತ್ತಿದ್ದೆ, ಲೆಕ್ಕದ ಮೇಷ್ಟ್ರ ಕೆಮ್ಮಿಗೂ ಹೆದರುತ್ತಿದ್ದೆ. ಆದರೆ ಇವೆಲ್ಲವನ್ನೂ ಒಟ್ಟಿಗೆ ಗುಡ್ಡೆ ಹಾಕಿದರೂ ಆ ಖಾಲಿ ಮಣೆಯ ಮುಂದೆ ಏನೇನೂ ಅಲ್ಲ. ಮರ ಇದ್ದಲ್ಲೇ ಇರುತ್ತಿತ್ತು, ನಾಯಿಯನ್ನು ಕಲ್ಲು ತೋರಿಸಿ ಓಡಿಸಬಹುದಿತ್ತು. ಇವನು ಮಾತ್ರ ದಿನವೂ ನಮ್ಮ ಜೊತೆ ಊಟಕ್ಕೆ ಬರುತ್ತಿದ್ದ, ಕಣ್ಣಿಗೆ ಕಾಣುತ್ತಿರಲಿಲ್ಲ.

ಮನೆ ಇದ್ದದ್ದು ಹೆಬ್ಬಾಳದಿಂದ ಕೆಂಪಾಪುರದ ಕಡೆ ಹೋಗುವ ಗಾಡಿದಾರಿಯ ಪಕ್ಕದಲ್ಲಿ. ನಾಡಹೆಂಚಿನ ಮನೆ, ಮುಂದೆ ಒಂದು ಜಗುಲಿ, ನಡುವೆ ಎಲ್ಲರೂ ಮಲಗುವ ಕೋಣೆ, ಹಿಂದೆ ಅಡುಗೆಮನೆ. ಅಪ್ಪ ಬೆಳಿಗ್ಗೆಯೇ ಸೈಕಲ್ ಹತ್ತಿ ಯಶವಂತಪುರದ ಗೂಡ್ಸ್ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದರು. ಭಾನುವಾರ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಬೈಬಲಿನ ವೇದಪಾಠ ಓದುತ್ತಿದ್ದರು. ಅವರ ತಾಯಿ ಮಾರ್ಥಜ್ಜಿ ಮಿಷನ್ ಬೋರ್ಡಿಂಗಿನಲ್ಲಿ ದೊರೆಸಾನಿಯರ ಕೈಕೆಳಗೆ ಬೆಳೆದವಳು. ಅಡುಗೆಮನೆಯ ಗೋಡೆಯ ಮೇಲೆ ಅವಳು ಅಲ್ಲಿಂದ ತಂದ ಒಂದು ಹಲಗೆ ಇತ್ತು. ಈ ಮನೆಗೆ ಕ್ರಿಸ್ತನೇ ಯಜಮಾನ, ಊಟಕ್ಕೆ ಕಾಣದ ಅತಿಥಿಯಾಗಿ ಬರುತ್ತಾನೆ, ಆಡಿದ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಾನೆ ಅನ್ನುವ ಅರ್ಥದ ಬರಹ ಅದರ ಮೇಲೆ. ಅಂಥ ಹಲಗೆ ನಮ್ಮವರ ಎಷ್ಟೋ ಮನೆಗಳಲ್ಲಿ ಇರುತ್ತಿತ್ತು. ಬೇರೆಯವರು ಅದನ್ನು ಮೊಳೆಗೆ ತಗುಲಿಹಾಕಿ ಮರೆತರು. ನಮ್ಮಜ್ಜಿ ಓದಿ, ಆ ಕರ್ತನಿಗೆ ಮಣೆ ಹಾಕಿದಳು. ಅತಿಥಿ ಅಂದಮೇಲೆ ನೆಲದ ಮೇಲೆ ಕೂರಿಸೋಕಾಗುತ್ತಾ ಅನ್ನುವುದು ಅವಳ ವಾದ. ತಟ್ಟೆ ಬೋರಲು ಯಾಕೆ ಎಂದರೆ, ಬಂದವನು ತಾನೇ ತಿರುಗಿಸಿಕೊಂಡರೆ ಆಗ ಬಡಿಸಬೇಕು, ಅಲ್ಲಿಯವರೆಗೆ ನಾವಾಗಿ ಮುಟ್ಟಬಾರದು. ಒಂದಲ್ಲ ಒಂದು ದಿನ ಆ ತಟ್ಟೆ ನನ್ನ ಕಣ್ಣೆದುರಿಗೇ ತಿರುಗುತ್ತದೆ ಎಂದು ನಾನು ಪ್ರತಿ ಸಂಜೆ ಕಾದು ಕೂತಿರುತ್ತಿದ್ದೆ.

ಪ್ರಾರ್ಥನೆ ಆದಮೇಲೆ, ಮೊದಲ ತುತ್ತಿಗೆ ಮುಂಚೆ, ಅಪ್ಪ ಒಬ್ಬೊಬ್ಬರನ್ನೇ ಕೇಳುತ್ತಿದ್ದರು:

"ಇವತ್ತು ಅವನನ್ನ ಎಲ್ಲಿ ಕಂಡೆ?"

ಅಜ್ಜಿಗೆ ಇದು ನೀರು ಕುಡಿದಷ್ಟು ಸಲೀಸು. ಕೋಳಿ ಮೊಟ್ಟೆ ಇಟ್ಟದ್ದರಲ್ಲಿ ಕಂಡಳು, ಹಾವು ಕಾಲ ಪಕ್ಕದಲ್ಲೇ ಹೋದರೂ ಕಚ್ಚದೆ ಇದ್ದದ್ದರಲ್ಲಿ ಕಂಡಳು, ಕಳೆದುಹೋದ ಸೂಜಿ ಸಿಕ್ಕಿದ್ದರಲ್ಲೂ ಕಂಡಳು. ಅಪ್ಪ ಶೆಡ್ಡಿನಲ್ಲಿ ಮೂಟೆ ಉರುಳಿದಾಗ ಹಮಾಲಿಯ ತಲೆ ಉಳಿದದ್ದನ್ನು ಹೇಳುತ್ತಿದ್ದರು. ನಾನು ಸೂರ್ಯ ಹುಟ್ಟಿದ, ಮಳೆ ಬಂತು, ಮಳೆ ಬರಲಿಲ್ಲ ಎಂದು ಹವಾಮಾನವನ್ನು ಹಿಡಿದುಕೊಂಡು ಪಾರಾಗುತ್ತಿದ್ದೆ. ಅಮ್ಮನದು ಮಾತ್ರ ಯಾವತ್ತೂ ಒಂದೇ ಉತ್ತರ. "ಒಲೆ ಹತ್ತಿಕೊಂತು" ಅನ್ನುತ್ತಿದ್ದಳು. ಅಷ್ಟು ಹೇಳಿ ಮುದ್ದೆ ಕಟ್ಟಲು ತಿರುಗಿಬಿಡುತ್ತಿದ್ದಳು. ಅವಳು ಒಲೆಯ ಪಕ್ಕದಲ್ಲಿ, ಕರ್ತನ ಮಣೆಗೆ ಬೆನ್ನು ಮಾಡಿ ಕೂರುತ್ತಿದ್ದಳು. ಬಡಿಸಲು ಅನುಕೂಲ ಎಂದು ಎಲ್ಲರೂ ತಿಳಿದುಕೊಂಡಿದ್ದೆವು.

ನನ್ನ ಹೆದರಿಕೆಗೆ ಕಾರಣ ಇತ್ತು. ನನಗೆ ಯೋಸೇಫ ಅಂತ ಒಬ್ಬ ತಮ್ಮ ಇದ್ದ. ಮಾತು ಆಗತಾನೇ ಬರುತ್ತಿತ್ತು. ನನ್ನ ಹೆಸರು ಎಸ್ತರ್ ಅನ್ನಲು ಬಾರದೆ "ಎತ್ತೀ" ಅನ್ನುತ್ತಿದ್ದ. ಒಂದು ಬೇಸಿಗೆಯಲ್ಲಿ ವಾಂತಿಭೇದಿ ಹತ್ತಿ ನೋಡನೋಡುತ್ತಿದ್ದ ಹಾಗೆ ಹೋಗಿಬಿಟ್ಟ. ಜಗುಲಿಯ ತುಂಬ ಸಭೆಯವರು ಬಂದು ಕೂತಿದ್ದರು. ಎಲ್ಲಿ ಹೋದ ಎಂದು ನಾನು ಕೇಳಿದರೆ ಎಲ್ಲರದೂ ಒಂದೇ ಮಾತು. "ಕರ್ತ ಬಂದು ಕರ್ಕೊಂಡು ಹೋದ ಕಣಮ್ಮ. ಸ್ತೋತ್ರ ಹೇಳು." ಕರ್ತನಿಗೆ ವಂದನೆ ಎಂದು ನಾನೂ ಸ್ತೋತ್ರ ಹೇಳಿದೆ. ಆದರೆ ಕರ್ತ ಎಲ್ಲಿಗೆ ಬರುತ್ತಾನೆ, ಬಂದರೆ ಎಲ್ಲಿ ಕೂರುತ್ತಾನೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತಲ್ಲ. ನಾವೇ ಮಣೆ ಹಾಕಿ ಕರೆದಿದ್ದೆವು. ಅವನು ಬಂದಿದ್ದ, ಕೂತಿದ್ದ, ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿ ಯೋಸೇಫನನ್ನು ಆರಿಸಿಕೊಂಡಿದ್ದ.

ಅಲ್ಲಿಂದಾಚೆ ಅಡುಗೆಮನೆಗೆ ಒಬ್ಬಳೇ ಹೋಗುವುದೆಂದರೆ ಜೀವ ಕೈಗೆ ಬರುತ್ತಿತ್ತು. ಊಟ ಮುಗಿದ ಮೇಲೆ ಬೇರೆ ಮಣೆಗಳೆಲ್ಲ ಗೋಡೆಗೆ ಒರಗುತ್ತಿದ್ದವು, ಅದೊಂದು ಮಾತ್ರ ಬೋರಲು ತಟ್ಟೆಯ ಜೊತೆ ಮೂಲೆಯಲ್ಲಿ ನೆಲದ ಮೇಲೇ ಇರುತ್ತಿತ್ತು. ನಡುಮಧ್ಯಾಹ್ನ ಸೂರಿನ ಬೆಳಕಿಂಡಿಯಿಂದ ಬಿಸಿಲು ಇಳಿದು, ಚೌಕವಾಗಿ, ಸರಿಯಾಗಿ ಅದರ ಮೇಲೇ ಬೀಳುತ್ತಿತ್ತು. ಆ ಬಿಸಿಲಿನಲ್ಲಿ ಹೊಗೆ ಸುತ್ತುತ್ತಿರುವುದನ್ನು ಕಂಡರೆ ಯಾರೋ ಉಸಿರಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಉಪ್ಪು ತಾ ಎಂದು ಅಜ್ಜಿ ಕೂಗಿದರೆ ನಾನು ಗೋಡೆ ಸವರಿಕೊಂಡು ಹೋಗಿ, ಉಪ್ಪಿನ ಮರಿಗೆಗೆ ಕೈ ಹಾಕಿ, ಮುಷ್ಟಿಯಲ್ಲಿ ಸಿಕ್ಕಷ್ಟು ಹಿಡಿದು ಓಡಿಬರುತ್ತಿದ್ದೆ. ದಾರಿಯುದ್ದಕ್ಕೂ ಉಪ್ಪು. ಬೈಸಿಕೊಳ್ಳುತ್ತಿದ್ದೆ. ಬೈಗುಳಕ್ಕೆ ಯಾರು ಹೆದರುತ್ತಾರೆ?

ನಮಗೆ ಹಾಲು ತರುತ್ತಿದ್ದವಳು ಕೆಂಪಾಪುರದ ಮುನಿಯಮ್ಮ. ಹಿತ್ತಿಲ ಬಾಗಿಲಲ್ಲಿ ನಿಂತೇ ಹಾಲು ಅಳೆಯುತ್ತಿದ್ದಳು, ಒಳಗೆ ಕಾಲಿಡುತ್ತಿರಲಿಲ್ಲ. ಒಂದು ಸಂಜೆ ತಡವಾಗಿ ಬಂದವಳು ನಾವು ಊಟಕ್ಕೆ ಅಣಿಯಾಗುತ್ತಿದ್ದುದನ್ನು ಇಣುಕಿ ನೋಡಿದಳು.

"ಯಾರ್ಗಮ್ಮ ಆ ಮಣೆ? ನೆಂಟ್ರು ಬತ್ತಾರಾ?"

"ನಮ್ ದೇವ್ರಿಗೆ ಕಣೆ ಮುನಿಯಮ್ಮ," ಎಂದಳು ಅಜ್ಜಿ ಹೆಮ್ಮೆಯಿಂದ.

ಮುನಿಯಮ್ಮ ಗಲ್ಲದ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ನಮ್ ಕಡೆ ಇಂಗೆ ಎಡೆ ಇಕ್ಕೋದು ಸತ್ತೋರ್ಗೆ ಕಣಮ್ಮ. ಅದೂ ವರ್ಸಕ್ಕೊಂದ್ಸಲ. ದೇವ್ರನ್ನ ಗುಡೀಲಿ ಮಡಗ್ತೀವಿ. ದಿನಾ ಮನೆಯೊಳಗೇ ಕೂರಿಸ್ಕಂಡ್ರೆ ನಿಮ್ಗೆ ಎದ್ರಿಕೆ ಆಗಾಕಿಲ್ವಾ?"

ಅಜ್ಜಿ ನಕ್ಕುಬಿಟ್ಟಳು. ಅಮ್ಮ ನಗಲಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಒಬ್ಬ ದೊಡ್ಡವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮುನಿಯಮ್ಮನ ಜೊತೆ ಅವರ ಹಳ್ಳಿಗೇ ಹೋಗಿ ಇದ್ದುಬಿಡೋಣ ಅನ್ನಿಸಿತು.

ಆಮೇಲೆ ದಾನಿಯೇಲ ಹುಟ್ಟಿದ, ನಮ್ಮೆಲ್ಲರ ಬಾಯಲ್ಲಿ ದಾನಿ. ದಪ್ಪ ಕೆನ್ನೆಯ, ಸದಾ ಬೆರಳು ಚೀಪುವ ಹುಡುಗ. ಎಲ್ಲರಿಗೂ ಸಂತೋಷವೋ ಸಂತೋಷ. ನಾನೊಬ್ಬಳು ಮೂಲೆಯ ಮಣೆಯ ಕಡೆ ನೋಡಿದೆ. ಇನ್ನೊಂದು ಮಗು ಬಂದಿದೆ ಎಂದು ಅವನಿಗೆ ತಿಳಿಯದೆ ಇರುತ್ತದೆಯೆ? ಮಗುವನ್ನು ಊಟದ ಹೊತ್ತಿಗೆ ಅಡುಗೆಮನೆಗೆ ತರಬೇಡ ಎಂದು ಅಮ್ಮನಿಗೆ ಹೇಳಿ ನೋಡಿದೆ. ಹೊಗೆ ಆಗಲ್ಲ, ನೆಗಡಿ ಆಗತ್ತೆ ಎಂದು ನೆಪ ಹೇಳಿದೆ. ಅಜ್ಜಿ ಒಪ್ಪಲಿಲ್ಲ. ಮನೆಯವರೆಲ್ಲ ಕೂತು ಪ್ರಾರ್ಥನೆ ಮಾಡುವಾಗ ಮಗು ಹೊರಗೇಕೆ? ಅವನು ಗೋಡೆ ಹಿಡಿದು ನಿಲ್ಲಲು ಕಲಿತ ಮೇಲಂತೂ ನೇರ ಆ ಮೂಲೆಗೇ ಹೋಗಿ, ಮಣೆಯ ಮೇಲೆ ಕೈ ಊರಿ, ಅಲ್ಲಿ ಯಾರೋ ಇದ್ದಾರೆ ಎನ್ನುವ ಹಾಗೆ ನಗುತ್ತಿದ್ದ. ಒಂದು ಸಂಜೆ ಅದನ್ನು ನೋಡಿ ನಾನು ಅವನನ್ನು ಬಾಚಿ ಎತ್ತಿಕೊಂಡು ಜಗುಲಿಗೆ ಓಡಿದೆ.

ಮರುದಿನ ಸಂಜೆ ನಾನು ಹೋಗಿ ಕರ್ತನ ಮಣೆಯ ಮೇಲೆ ಕೂತೆ. ಅಜ್ಜಿ ಹೇಳುತ್ತಿದ್ದ ಹಳೇ ಒಡಂಬಡಿಕೆಯ ಕಥೆಯಲ್ಲಿ ದೇವರ ಮಂಜೂಷ ಎನ್ನುವ ಪವಿತ್ರ ಪೆಟ್ಟಿಗೆಯನ್ನು ಕೈಯಿಂದ ಮುಟ್ಟಿದವನು ಅಲ್ಲೇ ಬಿದ್ದು ಸತ್ತಿದ್ದ. ನನಗೂ ಅದೇ ಗತಿ ಎಂದು ಗೊತ್ತಿತ್ತು. ಆದರೂ ಕೂತೆ. ಅದು ತ್ಯಾಗವೇನೂ ಅಲ್ಲ, ಬರೀ ಲೆಕ್ಕಾಚಾರ. ಜಾಗ ಇಲ್ಲದಿದ್ದರೆ ಬಂದವನು ವಾಪಸ್ ಹೋಗುತ್ತಾನೆ. ಯಲಹಂಕದ ಬಸ್ಸಿನಲ್ಲಿ ನಾನೇ ನೋಡಿರಲಿಲ್ಲವೆ? ಕಣ್ಣು ಮುಚ್ಚಿ, ಉಸಿರು ಹಿಡಿದು, ಅಂಗೈಗಳಿಂದ ಮಣೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

"ಏಳೇ! ಏಳೇ ಅಲ್ಲಿಂದ!" ಅಜ್ಜಿ ಚೀರಿದಳು.

"ಏಳಲ್ಲ."

"ಎಸ್ತರ್, ಇದೇನು ಅಧಿಕಪ್ರಸಂಗ?" ಅಪ್ಪನ ದನಿ ಏರಿತು. "ಅದು ಯಾರ ಜಾಗ ಗೊತ್ತಾ ನಿನಗೆ?"

"ಗೊತ್ತು. ಅದಕ್ಕೇ ಕೂತಿದ್ದೀನಿ."

ಅಪ್ಪ ನನ್ನ ರಟ್ಟೆಗೆ ಕೈ ಹಾಕಿದರು. ಆಗ ಒಲೆಯ ಕಡೆಯಿಂದ ಅಮ್ಮ, ತಿರುಗದೆಯೇ, ಹೇಳಿದಳು:

"ಕೂತ್ಕೊಳ್ಲಿ ಬಿಡಿ."

ಅಮ್ಮ ಅತ್ತೆಯ ಮಾತಿಗೆ ಎದುರಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು, ಈ ಮನೆಗೆ ಏನು ಕೇಡು ಕಾದಿದೆಯೋ ತಂದೆಯೇ, ಎಂದು ಅಳತೊಡಗಿದಳು. ತಾಯಿಯ ಅಳು ಅಪ್ಪನಿಗೆ ತಡೆಯದು. ನನ್ನನ್ನು ಎತ್ತಿ ಪಕ್ಕಕ್ಕೆ ಕೂರಿಸಿದರು. ಆ ಸಂಜೆ ಯಾರನ್ನೂ ಎಲ್ಲಿ ಕಂಡೆ ಎಂದು ಕೇಳಲಿಲ್ಲ, ಸಾರು ಆರಿಹೋಯಿತು.

ಕೇಡು ಕಾದೇ ಇತ್ತು. ಆ ವಾರ ಕಳೆಯುವ ಮೊದಲೇ ದಾನಿಯ ಮೈ ಬೆಂಕಿಯಾಯಿತು. ಮೊದಲು ಹಲ್ಲು ಬರುವ ಜ್ವರ ಅಂದರು. ಆಮೇಲೆ ಮುಟ್ಟಿದರೆ ಸಾಕು ಕಿರುಚತೊಡಗಿದ, ಕತ್ತು ಬಗ್ಗಿಸಲು ಬಿಡಲಿಲ್ಲ. ಅಪ್ಪ ಕೆಲಸಕ್ಕೆ ರಜೆ ಹಾಕಿ, ಡಾಕ್ಟರನ್ನು ಕರೆತರಲು ಜಟಕಾ ಹಿಡಿದು ದಂಡುಪ್ರದೇಶದ ಕಡೆ ಹೋದರು. ಸಭೆಯ ಹೆಂಗಸರು ಬಂದು ಕೋಣೆಯಲ್ಲಿ ತೊಟ್ಟಿಲ ಸುತ್ತ ಮಂಡಿಯೂರಿದರು. ಅಜ್ಜಿ ಎಲ್ಲರಿಗಿಂತ ಗಟ್ಟಿಯಾಗಿ, "ನಿನ್ನ ಚಿತ್ತವೇ ಆಗಲಿ ತಂದೇ" ಅನ್ನುತ್ತಿದ್ದಳು. ಯೋಸೇಫನ ಸಲವೂ ಅದನ್ನೇ ಅಂದಿದ್ದಳು. ಬಾಗಿಲಲ್ಲಿ ನಿಂತಿದ್ದ ನನಗೆ ಒಳಗೆ ಹೋಗಲೂ ಭಯ, ಹೊರಗೆ ಓಡಲೂ ಭಯ. ನಾನು ಕೂತದ್ದರಿಂದ ಅವನಿಗೆ ಸಿಟ್ಟು ಬಂದು ಹೀಗೆ ಮಾಡಿದನೋ, ನಾನು ಎದ್ದದ್ದರಿಂದ ಅವನಿಗೆ ಜಾಗ ಸಿಕ್ಕಿ ಹೀಗಾಯಿತೋ ಎಂದು ಅತ್ತಲೂ ಇತ್ತಲೂ ಯೋಚಿಸಿ ತಲೆ ಕೆಟ್ಟುಹೋಯಿತು. ನೋಡುತ್ತೇನೆ, ಕೋಣೆಯಲ್ಲಿ ಅಮ್ಮ ಇಲ್ಲ.

ಅಡುಗೆಮನೆಯಲ್ಲಿ ಇದ್ದಳು. ನಡುಮಧ್ಯಾಹ್ನ. ಬೆಳಕಿಂಡಿಯ ಬಿಸಿಲು ಆ ಮಣೆಯ ಮೇಲೆ ಬಿದ್ದಿತ್ತು. ಅಮ್ಮ ಅದಕ್ಕೆ ಬೆನ್ನು ಮಾಡಿರಲಿಲ್ಲ. ಎದುರಿಗೆ, ಬರೀ ನೆಲದ ಮೇಲೆ, ಕಾಲು ಮಡಿಸಿ ಕೂತಿದ್ದಳು. ಮುದ್ದೆಕೋಲು ಇನ್ನೂ ಕೈಯಲ್ಲೇ ಇತ್ತು. ನಾನು ಬಾಗಿಲ ಹಿಂದೆ ಅಂಟಿಕೊಂಡು ನಿಂತೆ. ಅವಳು ಕೈ ಚಾಚಿ, ಯಾರೂ ಮುಟ್ಟಬಾರದ ಆ ಕಂಚಿನ ತಟ್ಟೆಯನ್ನು ಟಣ್ ಎಂದು ಸದ್ದಾಗುವ ಹಾಗೆ ತಿರುಗಿಸಿದಳು. ಒಲೆಯ ಮೇಲಿಂದ ಒಂದು ಮುದ್ದೆ ತೆಗೆದು ಅದರ ಮೇಲೆ ಇಟ್ಟಳು.

"ತಿನ್ನು," ಎಂದಳು.

ನಾನು ಬಾಗಿಲ ಸಂದಿಯಿಂದ ಆ ಮುದ್ದೆಯನ್ನೇ ನೋಡುತ್ತಿದ್ದೆ.

"ತಿನ್ನು ಅಂದೆ. ದಿನಾ ತಟ್ಟೆ ಬೋರಲು ಹಾಕ್ಕೊಂಡು ಹಸ್ಕೊಂಡು ಕೂತಿರ್ತೀಯಲ್ಲ, ಅದಕ್ಕೇನಾ ನನ್ನ ಮಕ್ಕಳ ಮೇಲೆ ಕಣ್ಣು? ಯೋಸೇಫನ್ನ ತಗೊಳೋವಾಗ ನನ್ನನ್ನ ಒಂದ್ ಮಾತು ಕೇಳಿದ್ಯಾ? ಎಲ್ರೂ ಸ್ತೋತ್ರ ಅಂದ್ರು, ನಾನೂ ಅಂದೆ. ಸುಳ್ಳು ಅಂದೆ. ಹೊಟ್ಟೇಲಿ ಕೆಂಡ ಇಟ್ಕೊಂಡು ಅಂದೆ. ನಿಂಗೆ ಅದು ಗೊತ್ತಿತ್ತು. ಗೊತ್ತಿದ್ದೂ ಸುಮ್ನೆ ಕೂತಿದ್ದೆ ಇಲ್ಲಿ, ನನ್ನ ಬೆನ್ನು ನೋಡ್ಕೊಂಡು."

ಕೋಣೆಯಿಂದ ಹೆಂಗಸರ ಪ್ರಾರ್ಥನೆ ಕೇಳಿಸುತ್ತಿತ್ತು, ಅದರ ಮಧ್ಯೆ ದಾನಿಯ ಕಿರುಚಾಟ. ಅಮ್ಮ ಮುದ್ದೆಕೋಲನ್ನು ಮಣೆಯ ಕಡೆ ತೋರಿಸಿದಳು. ಈಗ ಹೆಂಚು ಕುಸಿಯುತ್ತದೆ, ಈಗ ಅಮ್ಮ ಬಿದ್ದು ಸಾಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಓಡಿಹೋಗಿ ಅವಳ ಬಾಯಿ ಮುಚ್ಚಬೇಕು ಅನ್ನಿಸಿತು, ಆದರೆ ಬಾಗಿಲ ಹಿಂದೆಯೇ ಉಳಿದೆ.

"ಇದನ್ನ ಕೊಡಲ್ಲ ನಾನು. ಅತ್ತೆ ಏನಾದ್ರೂ ಹೇಳ್ಕೊಳ್ಲಿ, ನಿನ್ನ ಚಿತ್ತ ಪತ್ತ ಅಂತ ನಾನು ಅನ್ನಲ್ಲ. ನಿಂಗೂ ಹೆತ್ತೋಳು ಒಬ್ಳು ಇದ್ಲಲ್ಲ. ಶಿಲುಬೆ ಕೆಳಗೆ ನಿಂತಿದ್ಲಲ್ಲ. ಹೋಗು, ಅವಳನ್ನ ಕೇಳು. ಸ್ತೋತ್ರ ಅಂದ್ಲಾ ಅವಳು?"

ಅಷ್ಟರಲ್ಲಿ ದಾನಿಯ ಕೂಗು ನಿಂತಿತು. ಒಮ್ಮೆಗೇ ನಿಂತಿತು. ಪ್ರಾರ್ಥನೆಯೂ ನಿಂತಿತು. ಅಮ್ಮನ ಕೈಯಿಂದ ಮುದ್ದೆಕೋಲು ಜಾರಿ ಬಿತ್ತು. ಅವಳು ಎದ್ದು ಓಡಲಿಲ್ಲ. ಎರಡು ಕೈಯಲ್ಲೂ ಆ ಖಾಲಿ ಮಣೆಯನ್ನು ಹಿಡಿದುಕೊಂಡು, ಯಾರದೋ ಮಂಡಿಯ ಮೇಲೆ ತಲೆ ಇಡುವ ಹಾಗೆ ಅದರ ಮೇಲೆ ಹಣೆ ಇಟ್ಟುಬಿಟ್ಟಳು. ಅವಳ ಬೆನ್ನು ಅಲುಗುತ್ತಿತ್ತು. ನಾನು ಬಾಗಿಲ ಹಿಂದೆಯೇ ಉಚ್ಚೆ ಮಾಡಿಕೊಂಡೆ.

"ಸುಗುಣಾ, ಬಾರೇ, ಕಣ್ಣು ಮುಚ್ಚಿದೆ, ನಿದ್ದೆ ಹತ್ತಿದೆ ಮಗೂಗೆ. ಬೆವರ್ತಾ ಇದೆ," ಎಂದು ಅಜ್ಜಿ ಕೂಗಿದಳು.

ಡಾಕ್ಟರು ಬಂದರು, ದಾನಿಯನ್ನು ಆಸ್ಪತ್ರೆಗೆ ಸೇರಿಸಿದರು. ಜ್ವರ ಹೋಯಿತು. ಹೋಗುವಾಗ ಎಡಗಾಲನ್ನು ತೆಗೆದುಕೊಂಡು ಹೋಯಿತು. ಮನೆಗೆ ಬಂದ ಮೇಲೆ ಅದನ್ನು ಮೊದಲು ಬಾಯಿಬಿಟ್ಟು ಹೇಳಿದವಳು ಮುನಿಯಮ್ಮ. ಹಾಲಿನ ಚೊಂಬು ಕೆಳಗಿಟ್ಟು, ಯಾವತ್ತೂ ದಾಟದ ಹೊಸ್ತಿಲನ್ನು ದಾಟಿ ಬಂದು, ಮಗುವಿನ ಪಾದ ಸವರಿ, "ಈ ಕಾಲು ಎಳ್ಕಂತಾನೇ ಇಲ್ವಲ್ಲವ್ವ" ಎಂದು ಅತ್ತಳು. ಅಮ್ಮ ಅವಳಿಗೆ ಕಾಫಿ ಕೊಟ್ಟಳು; ಮುನಿಯಮ್ಮ ಕುಡಿದಳು. ಅದೂ ಮೊದಲ ಸಲವೇ.

ಆ ಸಂಜೆ ನಾವೆಲ್ಲ ಮತ್ತೆ ಒಟ್ಟಿಗೆ ಊಟಕ್ಕೆ ಕೂತೆವು. ಅಜ್ಜಿ ಮಣೆ ಹಾಕಿ ತಟ್ಟೆ ಬೋರಲು ಇಟ್ಟಳು. ದಾನಿ ಅಮ್ಮನ ತೊಡೆಯ ಮೇಲಿದ್ದ. ಅಪ್ಪ ಪ್ರಾರ್ಥನೆ ಮುಗಿಸಿ, ಎಷ್ಟೋ ದಿನಗಳ ಮೇಲೆ, ಅದೇ ಪ್ರಶ್ನೆ ಕೇಳಿದರು. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. ಅಜ್ಜಿ ಮಗು ಉಳಿದದ್ದೇ ಅವನ ಕೈ ಎಂದಳು. ಅಪ್ಪ ಆಸ್ಪತ್ರೆಯ ನರ್ಸಮ್ಮನ ಹೆಸರು ಹೇಳಿ ಕಣ್ಣು ಒರೆಸಿಕೊಂಡರು. ಆಮೇಲೆ ಅಮ್ಮನ ಕಡೆ ನೋಡಿದರು. ಅಮ್ಮ ಒಲೆಯ ಬಗ್ಗೆ ಏನೂ ಹೇಳಲಿಲ್ಲ. ದಾನಿಯ ಸೋತ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಅಪ್ಪ ಇನ್ನೊಮ್ಮೆ ಕೇಳುವ ಮೊದಲೇ ನಾನು ಬಾಯಿ ಹಾಕಿದೆ.

"ನಾನು ಕಂಡೆ ಅಪ್ಪಾ."

"ಎಲ್ಲಿ?"

"ಇಲ್ಲೇ. ಆ ಮಧ್ಯಾಹ್ನ. ಅಮ್ಮ ಬೈತಾ ಇದ್ಲು. ಕೋಲು ತೋರಿಸ್ಕೊಂಡು ಬೈತಾ ಇದ್ಲು. ಅವನು ಬೈಸ್ಕೊಂಡು ಕೂತಿದ್ದ. ಎದ್ದು ಹೋಗ್ಲಿಲ್ಲ. ಏನೂ ಮಾಡ್ಲಿಲ್ಲ ಅಮ್ಮಂಗೆ."

ಅದನ್ನು ನಾನು ಕಟ್ಟಿ ಹೇಳಿರಲಿಲ್ಲ. ಬಾಗಿಲ ಹಿಂದೆ ನಿಂತಿದ್ದಾಗ ಆ ಬಿಸಿಲಿನಲ್ಲಿ ನನ್ನ ಕಣ್ಣಿಗೆ ಯಾರೂ ಕಂಡಿರಲಿಲ್ಲ, ನಿಜ. ಆದರೆ ಅಷ್ಟು ಮಾತನ್ನು ಅಮ್ಮ ಬರೀ ಹಲಗೆಗೆ ಹೇಳುತ್ತಿರಲಿಲ್ಲ, ಬರೀ ಹಲಗೆಯ ಮೇಲೆ ಹಾಗೆ ಹಣೆ ಇಡುತ್ತಿರಲಿಲ್ಲ. ನನ್ನ ಹೆದರಿಕೆ ಅವತ್ತಿಗೆ ಹೋಯಿತು ಎಂದರೆ ಸುಳ್ಳಾಗುತ್ತದೆ. ಅದು ಹೋಗಲಿಲ್ಲ, ಇಷ್ಟು ವಯಸ್ಸಾದರೂ ಹೋಗಿಲ್ಲ. ಅವತ್ತಿನವರೆಗೆ ಅವನು ಏನು ತೆಗೆದುಕೊಂಡು ಹೋಗುತ್ತಾನೋ ಎಂದು ಹೆದರುತ್ತಿದ್ದೆ. ಅವತ್ತಿನಿಂದ, ಇವನು ಎಲ್ಲಾದರೂ ಬೇಜಾರಾಗಿ ಎದ್ದುಹೋದರೆ ಅಮ್ಮ ಯಾರನ್ನು ಬೈಯುತ್ತಾಳೆ ಎಂದು ಹೆದರತೊಡಗಿದೆ.

ಅಜ್ಜಿಯ ಬಾಯಿ ತೆರೆದೇ ಇತ್ತು. ಅಪ್ಪ ಅಮ್ಮನನ್ನೂ ಆ ಮಣೆಯನ್ನೂ ಒಂದಾದ ಮೇಲೊಂದರಂತೆ ನೋಡಿದರು.

"ಬೈದ್ಯಾ ಸುಗುಣ?"

"ಬೈದೆ," ಎಂದಳು ಅಮ್ಮ. ಆಮೇಲೆ ದಾನಿಯ ಪಾದವನ್ನು ಸೆರಗಿನಲ್ಲಿ ಮುಚ್ಚಿ, ಆ ಮೂಲೆಯ ಕಡೆ ತಿರುಗಿ ಹೇಳಿದಳು, "ನಂದಿನ್ನೂ ಮುಗ್ದಿಲ್ಲ. ನಾಳೆನೂ ಬರ್ಲಿ."

ಮಾತು ಮುಗಿದಲ್ಲಿ ಆಮೆನ್ ಅನ್ನುವುದು ಅಜ್ಜಿಗೆ ಅಭ್ಯಾಸ. ಅಂದುಬಿಟ್ಟಳು. ಅಂದ ಮೇಲೆ ಏನಂದೆ ಎಂದು ಗಾಬರಿಯಾದಳು, ಆದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಅಪ್ಪ ತಲೆ ತಗ್ಗಿಸಿ ಮುದ್ದೆಗೆ ಕೈ ಹಾಕಿದರು.

ಮರುದಿನ ಸಂಜೆ ಅಜ್ಜಿ ಮಣೆ ಹಾಕಲು ಏಳುವ ಮೊದಲೇ ಅಮ್ಮ ಕರ್ತನ ಮಣೆಯನ್ನು ಮೂಲೆಯಿಂದ ಎತ್ತಿ ತಂದು, ಒಲೆಯ ಪಕ್ಕದಲ್ಲಿ, ತನ್ನ ಮಣೆಯ ಎದುರಿಗೆ ಹಾಕಿದಳು.